ಮೆಟ್ಟಿಲಿಲ್ಲದ ಬಾಗಿಲು

ದೊಡ್ಡಬಳ್ಳಾಪುರದ ಗುಂಡುಬಂಡೆ ಬೀದಿಯಲ್ಲಿ ನೇಕಾರರ ನಾರಾಯಣಮ್ಮನ ಬಾಗಿಲಿಗೆ ಮಾತ್ರ ಮೆಟ್ಟಿಲಿಲ್ಲ. ಮೊಣಕಾಲು ನೋವಿದ್ದರೂ ಆಕೆ ಬಾಗಿಲುವಾಡ ಹಿಡಿದು, ಉಸ್ಸೆಂದು ಹತ್ತುತ್ತಾಳೆ.

ಇದರ ಕಥೆ ಯುದ್ಧಕಾಲದ್ದು. ಆಗ ನೂಲಿಗೂ ಕಂಟ್ರೋಲು. ಒಂದು ಎಳೆ ಹರಿದರೂ ಕರುಳು ಚುರುಕ್ಕೆನ್ನುತ್ತಿತ್ತು. ನೇಯುವ ಮೊದಲು ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದುಕಟ್ಟಿ, ಗಂಜಿ ಬಳಿದು ಒಣಗಿಸಬೇಕು. ಈ ಬೀದಿಯೋ ಗಿಡ್ಡ. ಅದರ ತುದಿಗೆ ಗುಡ್ಡದ ದೊಡ್ಡ ಬಂಡೆ. ಬಂಡೆಯ ಬುಡಕ್ಕೆ ಒತ್ತಿಕೊಂಡು ನಿಂತ ಕಲ್ಲುಗಳ ಸಾಲು. ಹಾಸು ಅಲ್ಲಿಗೆ ಬಂದು ಸೊಟ್ಟ ತಿರುಗುತ್ತಿತ್ತು, ಆ ತಿರುವಿನಲ್ಲೇ ಎಳೆ ಹರಿಯುತ್ತಿತ್ತು.

"ಆ ಹಾಳು ಕಲ್ಲು ಕಿತ್ತಾಕ್ರೋ, ಬೀದಿ ನೆಟ್ಟಗಾಗ್ಲಿ" ಎಂದು ಗಂಡಸರ ಕಿವಿ ತೂತಾಗುವಂತೆ ದಿನವೂ ಹೇಳಿದವಳು ನಾರಾಯಣಮ್ಮ. ಹಿಡಿದ ಹಟ ಬಿಡುವ ಹೆಂಗಸಲ್ಲ. ಕೊನೆಗೆ ಕಿತ್ತರು. ಹಾಸು ಗೆರೆ ಎಳೆದಂತೆ ನಿಂತಿತು. ಬೀದಿಯ ಕೊನೆ ಮನೆಯ ಅಕ್ಕಯಮ್ಮ, ಅವಳ ಜೀವದ ಗೆಳತಿ, "ನಿನ್ ಬಾಯಿ ಜೋರಿದ್ದಿದ್ಕೆ ಆಯ್ತು ಕಣೇ, ಇಲ್ದಿದ್ರೆ ಈ ಗಂಡಸ್ರು ಕದಲ್ತಿದ್ರಾ?" ಎಂದು ನಕ್ಕಳು. ಕಿತ್ತ ಕಲ್ಲನ್ನು ಬಿಸಾಡುವುದೇಕೆ? ಮನೆಗೊಂದರಂತೆ ಮೆಟ್ಟಿಲಾದವು.

ಮೂರನೆಯ ಮಳೆಗಾಲದಲ್ಲಿ, ಜಡಿಮಳೆ ಹಿಡಿದ ಒಂದು ಮಧ್ಯಾಹ್ನ, ಬಂಡೆ ಜಾರಿತು. ಬೀದಿಯ ತುದಿಯ ಮನೆಗಳು ನೆಲಸಮವಾದವು. ಮಗ್ಗದ ಮುಂದೆ ಕೂತಿದ್ದ ಅಕ್ಕಯಮ್ಮನೂ ಇನ್ನೈವರೂ ಮೇಲೇಳಲಿಲ್ಲ. ನೂಲು ತರಲು ಹೋಗಿದ್ದ ಅವಳ ಗಂಡ ಪಿಳ್ಳಪ್ಪ ಉಳಿದುಕೊಂಡ.

ಬೆಂಗಳೂರಿನಿಂದ ಬಂದ ಇಂಜಿನಿಯರು ಬೂಟು ಕೆಸರಾಗದಂತೆ ದೂರ ನಿಂತು, ಬಂಡೆಯಡಿಯ ಮಣ್ಣು ಮಳೆಗೆ ಕರಗಿತೆಂದು ಹೇಳಿ ಹೋದರು. ಬೀದಿಗೂ ಅಷ್ಟೇ ಬೇಕಿತ್ತು. ಎಲ್ಲರೂ ಮಳೆಯನ್ನೇ ಬೈದರು. ಆ ಮಣ್ಣನ್ನು ತಡೆದು ನಿಲ್ಲಿಸಿದ್ದ ಕಲ್ಲುಗಳ ಮೇಲೆ ಕಾಲಿಟ್ಟೇ ಮನೆಯೊಳಗೆ ಹೋಗುತ್ತಿದ್ದರು! ನಾರಾಯಣಮ್ಮನಿಗೆ ಸಹಿಸಲಾಗಲಿಲ್ಲ. ತನ್ನ ಮೆಟ್ಟಿಲನ್ನು ಕೀಳಿಸಿ, ಬಿದ್ದ ಬಂಡೆಯ ಬಳಿಗೆ ಉರುಳಿಸಿಕೊಂಡು ಹೋಗಿ ಇಟ್ಟಳು. ಇನ್ನು ಅದರಿಂದ ಏನೂ ಆಗದೆಂದು ಅವಳಿಗೂ ಗೊತ್ತಿತ್ತು.

ಯಾರಾದರೂ ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಯಾರೂ ಬೈಯಲಿಲ್ಲ. ವರ್ಷ ಕಳೆದು ಪಿಳ್ಳಪ್ಪ ಬಾಗಿಲಿಗೆ ಬಂದಾಗ ಆಕೆ ಅತ್ತೇಬಿಟ್ಟಳು.

"ನೀನಾದ್ರೂ ಬೈಯಪ್ಪಾ. ಕಲ್ಲು ಕೀಳ್ಸಿದ್ದು ನಾನೇ ಅಲ್ವಾ?"

ಪಿಳ್ಳಪ್ಪ ಮೆಟ್ಟಿಲು ಕಿತ್ತ ಗುಣಿಯ ಪಕ್ಕ ಕುಕ್ಕರಿಸಿದ.

"ಹೆಂಗ್ ಬೈಲಿ ಅಕ್ಕಾ?" ಎಂದ. "ಮೊದ್ಲು ಹಾರೆ ಹಾಕಿದ್ದು ನಾನು. ಅವ್ಳು ಪಕ್ಕದಲ್ಲೇ ನಿಂತ್ಕಂಡು, ನಗ್ತಾ ನಗ್ತಾ ನೀರು ಕೊಟ್ಲು."