ಅವ್ವ ಕೇಳಿದ ಅಳು

ಹಾವೇರಿ ಬಸ್ ನಿಲ್ದಾಣದಲ್ಲಿ ನಾನು ತಲೆಯ ಮೇಲೆ ಸೆರಗೆಳೆದುಕೊಂಡು, ಅರ್ಧ ಮುಖ ಮುಚ್ಚಿಕೊಂಡೇ ಕೂರುತ್ತೇನೆ. ಆದರೂ ಯಾರಾದರೊಬ್ಬರು ಗುರುತು ಹಿಡಿಯುತ್ತಾರೆ. ಮೊದಲು ದೂರದಿಂದ ನೋಡುತ್ತಾರೆ, ಆಮೇಲೆ ಪಕ್ಕದವರನ್ನು ತಿವಿಯುತ್ತಾರೆ, ಕೊನೆಗೆ ಮೊಬೈಲ್ ಹಿಡಿದುಕೊಂಡು ಬಂದೇ ಬಿಡುತ್ತಾರೆ.

“ಅಕ್ಕಾರ, ಟಿವ್ಯಾಗ ಅಳಾವ್ರು ನೀವ ಅಲ್ಲೇನ್ರಿ? ಒಂದ್ಸಲ ಅಳ್ರಿ, ನಮ್ಮ ಮನಿಯಾಗ ತೋರಸ್ತೇನಿ.”

ಅಳುತ್ತೇನೆ. ಅಳದಿದ್ದರೆ ಸೊಕ್ಕು ಬಂದಿದೆ ಎನ್ನುತ್ತಾರೆ. ಬ್ಯಾಡಗಿ ಬಸ್ಸು ಬರುವುದರೊಳಗೆ ಅವರ ಹರಿದ ಚಪ್ಪಲಿಗೋ, ಚಾರ್ಜ್ ಹೋದ ಮೊಬೈಲಿಗೋ ನಾಲ್ಕು ಸಾಲು ಅತ್ತು, ನಮಸ್ಕಾರ ಮಾಡಿ, ಬಸ್ಸು ಹತ್ತುತ್ತೇನೆ. ಅವರು ಖುಷಿಯಾಗಿ ಹೋಗುತ್ತಾರೆ. ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಸಾಕಾಗಿದೆ. ಈ ಸಾಕು ಎನ್ನುವುದು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ಟಿವಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ನಾನು ಅಳುವ ಅತ್ತೆ. ಸಣ್ಣ ಸಣ್ಣ ಪ್ರಹಸನಗಳು. ಒಂದು ಮನೆ, ಒಂದು ಸೋಫಾ, ನಾಲ್ಕು ಜನ. ನಡುವೆ ಬಾಗಿಲು ತಳ್ಳಿಕೊಂಡು ನಾನು ಬರುತ್ತೇನೆ, ಕೆಟ್ಟುಹೋದ ಯಾವುದಾದರೂ ವಸ್ತುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹೆಣದ ಮುಂದೆ ಅತ್ತ ಹಾಗೆ ಹಾಡಿಕೊಂಡು ಅಳುತ್ತೇನೆ. ಮೊದಲ ಸಲ ಅತ್ತದ್ದು ಮಿಕ್ಸರಿಗೆ. “ಕೊಬ್ಬರಿ ಅಂದ್ರ ಕೊಬ್ಬರಿ, ಶೇಂಗಾ ಅಂದ್ರ ಶೇಂಗಾ, ಒಂದಿನಾ ಒಲ್ಲೆ ಅನ್ನಲಿಲ್ಲಲ್ಲೋ ನನ್ನ ಮಿಕ್ಸರಪ್ಪಾ…” ಎಂದು ಶುರು ಮಾಡಿದಾಗ ಕ್ಯಾಮೆರಾ ಹಿಡಿದವನೇ ನಕ್ಕು, ಚಿತ್ರ ಅಲ್ಲಾಡಿ, ಮತ್ತೊಮ್ಮೆ ಮಾಡಬೇಕಾಯಿತು. ಅಲ್ಲಿಂದ ನನಗೆ ಅದೇ ಕಸುಬು. ಫ್ರಿಜ್ಜು ಸತ್ತಿತು, ಕುಕ್ಕರು ಸತ್ತಿತು, ರಿಮೋಟು ಸತ್ತಿತು. ಎಲ್ಲಕ್ಕೂ ಅತ್ತೆ. ರಾಣೆಬೆನ್ನೂರಿನಲ್ಲಿ ಯಾವ ಸಂಘದ ವಾರ್ಷಿಕೋತ್ಸವವಾದರೂ ವೇದಿಕೆಯ ಮೇಲೆ ಮೊದಲು ದೀಪ ಹಚ್ಚುವುದು, ಆಮೇಲೆ ನನ್ನ ಅಳು.

ಆ ಅಳು ನನ್ನದಲ್ಲ, ನನ್ನ ಅವ್ವನದು.

ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದಳು. ಮಾರುಕಟ್ಟೆಗೆ ಬಂದ ಒಣ ಕಾಯಿಯ ರಾಶಿಯ ಮುಂದೆ ಹೆಂಗಸರು ಸಾಲಾಗಿ ಕೂತು, ಒಂದೊಂದೇ ಕಾಯಿಯ ತೊಟ್ಟು ಕಿತ್ತು ಹಾಕುವ ಕೆಲಸ. ಇಡೀ ದಿನ ಸೀನು, ಕೆಮ್ಮು, ಮಾತು. ಆ ಸಾಲಿನಲ್ಲಿ ಅವ್ವನಿಗೆ ಇನ್ನೊಂದು ಕೆಲಸಕ್ಕೂ ಹೆಸರಿತ್ತು. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣ ಹೇಳಿ, ಹಾಡಿಕೊಂಡು ಅಳುತ್ತಾರೆ. ಹಾಗೆ ಅಳುವುದರಲ್ಲಿ ಅವ್ವನನ್ನು ಮೀರಿಸುವವರು ಇರಲಿಲ್ಲ. ಮಣ್ಣು ಮಾಡಲು ಬಂದವರು ಅವ್ವ ಬಂದಳೇ ಎಂದು ನೋಡುತ್ತಿದ್ದರು. ಅವಳು ದೊಡ್ಡ ಮಾತು ಆಡುತ್ತಿರಲಿಲ್ಲ. ಓಣಿಗೆಲ್ಲ ಬೇಡವಾಗಿದ್ದ ಒಬ್ಬ ಮುದುಕ ತೀರಿದಾಗ, ಯಾರಿಗೂ ಏನು ಹೇಳಿ ಅಳಬೇಕೆಂದು ತೋಚದೆ ಕೂತಿದ್ದಾಗ, ಅವ್ವ ಶುರು ಮಾಡಿದಳು: “ನಾಯಿಗೆ ಅರ್ಧಾ ರೊಟ್ಟಿ ಮುರದು ಹಾಕದ ನೀ ಉಣ್ಣಲಿಲ್ಲಲ್ಲೋ ಯಪ್ಪಾ, ಇವತ್ತ ಅದು ಬಾಗಲದಾಗ ಕುಂತೈತಲ್ಲೋ…” ಮುದುಕನ ಸೊಸೆಯರೂ ಅತ್ತರು. ನಾನು ಚಿಕ್ಕವಳಿದ್ದಾಗ ಅವ್ವನ ಪಕ್ಕ ಕೂತು ಇದನ್ನೆಲ್ಲ ನೋಡಿದ್ದೇನೆ. ಯಾರೂ ಕಲಿಸಲಿಲ್ಲ, ಕಲಿತೆ.

ಟಿವಿಯಲ್ಲಿ ಮಿಕ್ಸರಿಗೆ ಅತ್ತದ್ದನ್ನು ನೋಡಿ ಅವ್ವನಿಗೆ ಬೇಸರವಾಗುತ್ತದೆಂದು ಹೆದರಿದ್ದೆ. ಅವಳು ನಕ್ಕಳು. ಕೆಮ್ಮು ಬರುವಷ್ಟು ನಕ್ಕು, ಆಮೇಲೆ ತಪ್ಪು ಹುಡುಕಿದಳು.

“ಮಾತಿನ ನಡುವ ಉಸಿರು ತಗೀತಿಯಲ್ಲ, ಅದು ಸುಳ್ಳಿನ ಅಳು. ‘ಯಪ್ಪಾ’ ಅಂದು ಎಳದ ಮ್ಯಾಲೆ ತಗೋಬೇಕು. ಮುಂದಿನ ವಾರ ಯಾರು ಸಾಯ್ತಾರ?”

“ಕುಕ್ಕರ್.”

“ಅದಕ್ಕ ಸೀಟಿ ಐತಿ. ಸೀಟಿ ಹಿಡದು ಅಳು.”

ಹಾಗೆ ಅಳುವ ಅತ್ತೆಯ ಅರ್ಧ ಮಾತುಗಳನ್ನು ಬರೆದವಳು ಓದುಬರಹ ಬಾರದ ನನ್ನ ಅವ್ವ. ಕಾರ್ಯಕ್ರಮಕ್ಕೆ ಬಿಡುವಿದ್ದಾಗ ನಾನು ಬ್ಯಾಡಗಿಗೆ ಬಂದು ಅವಳ ಜೊತೆಗಿರುತ್ತಿದ್ದೆ. ಇಬ್ಬರೂ ಚಹಾ ಕುಡಿಯುತ್ತ ಮನೆಯ ಒಂದೊಂದೇ ಸಾಮಾನು ಸಾಯಿಸಿ ಅಳುತ್ತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ನಕ್ಕದ್ದು ಬೇರೆಲ್ಲೂ ಇಲ್ಲ.

ಅದು ಕೆಟ್ಟದ್ದು ಕಾಗಿನೆಲೆಯಲ್ಲಿ. ಅವ್ವನ ಅಕ್ಕ, ನನ್ನ ದೊಡ್ಡವ್ವ, ಅಲ್ಲಿ ತೀರಿಕೊಂಡಳು. ನನ್ನನ್ನು ಅರ್ಧ ಸಾಕಿದವಳು ಅವಳು. ನಾವು ಹೋದಾಗ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಅವ್ವ ಹೊಸ್ತಿಲಲ್ಲೇ ಶುರು ಮಾಡಿದಳು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕಡೆ ನಾನು ಎತ್ತಿಕೊಂಡೆ. ಎತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು. “ಯವ್ವಾ” ಎಂದೆ ಅಷ್ಟೆ. ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬಳು ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಂಗಳದಲ್ಲಿ ಎರಡು ಮೂರು ಮೊಬೈಲು ಮೇಲೆದ್ದವು. ಅವರು ಕೆಟ್ಟವರಲ್ಲ, ಅವರಲ್ಲಿ ಕೆಲವರು ನನಗಿಂತ ಹೆಚ್ಚು ಅತ್ತು ಕಣ್ಣು ಕೆಂಪಾಗಿಸಿಕೊಂಡವರೇ. ನನ್ನ ದನಿ ಕೇಳಿದೊಡನೆ ಅವರ ಕಣ್ಣ ಮುಂದೆ ಮಿಕ್ಸರ್ ಬಂತು, ಅವರಾದರೂ ಏನು ಮಾಡಿಯಾರು? ನಾನು ಬಾಯಿ ಮುಚ್ಚಿದೆ. ಅವ್ವ ನನ್ನ ಕಡೆ ತಿರುಗಿ ನೋಡಿದಳು, ಆಮೇಲೆ ಒಬ್ಬಳೇ ಅತ್ತು ಮುಗಿಸಿದಳು.

ವಾಪಸು ಬಂದು ಬ್ಯಾಡಗಿಯಲ್ಲಿ ಇಳಿದ ಮೇಲೆ ಅವ್ವ ಮನೆಯ ಕೀಲಿ ತೆಗೆಯುತ್ತ ಹೇಳಿದಳು.

“ಊರಾನ ಹೆಣಕ್ಕೆಲ್ಲಾ ನಾ ಅತ್ತೆ. ನಾ ಸತ್ತಾಗ ನನಗ ಅಳಾಕ ಮಗಳು ಇದ್ದೂ ಇಲ್ಲದಂಗ ಆತು ನೋಡು.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ. ಅವಳು ಹಾಲು ಒಡೆಯಿತು ಎನ್ನುವ ಹಾಗೆ ಹೇಳಿದಳು. ಅವಳಿಗೆ ಬೇರೆ ಆಸೆಗಳಿರಲಿಲ್ಲ. ಕಾಶಿಗೆ ಹೋಗಬೇಕು, ಬಂಗಾರ ಹಾಕಿಕೊಳ್ಳಬೇಕು ಅಂದವಳಲ್ಲ. ತಾನು ಹೋದ ದಿನ ಮಗಳು ತನ್ನ ಗುಣ ಹೇಳಿ ಚೆನ್ನಾಗಿ ಅಳಬೇಕು, ಇಷ್ಟೇ ಅವಳ ಲೆಕ್ಕ. ಆ ಅಳುವನ್ನು ನಾನೇ ಊರಿಗೆಲ್ಲ ನಗಲಿಕ್ಕೆ ಹಂಚಿಬಿಟ್ಟಿದ್ದೆ, ಅದೂ ಅವಳ ಕೈಯಲ್ಲೇ ತಿದ್ದಿಸಿಕೊಂಡು.

ಬೆಂಗಳೂರಿಗೆ ಹೋಗಿ ನಿರ್ದೇಶಕರಿಗೆ ಹೇಳಿದೆ, ಈ ಅಳುವ ಪಾತ್ರ ಸಾಕು, ಬೇರೆ ಏನಾದರೂ ಕೊಡಿ ಎಂದು.

“ಅದು ಬಿಟ್ರೆ ನೀವು ಯಾರು ಅಂತ ಜನಕ್ಕೆ ಗೊತ್ತಾಗಬೇಕಲ್ವಾ ಮೇಡಂ?” ಎಂದರು. ಪಾಪ, ಮರ್ಯಾದೆಯಿಂದಲೇ ಅಂದರು. ಎರಡು ವಾರ ನನ್ನನ್ನು ಪಕ್ಕದ ಮನೆಯ ಹೆಂಗಸು ಮಾಡಿ ಚಹಾದ ತಟ್ಟೆ ಹಿಡಿಸಿದರು. ಯಾರೂ ನಗಲಿಲ್ಲ. ಮೂರನೆಯ ವಾರ ಇಸ್ತ್ರಿಪೆಟ್ಟಿಗೆ ಸತ್ತಿತು, ನಾನು ಅತ್ತೆ. ಹೊಟ್ಟೆಪಾಡು ಎಂದರೆ ಇದೇ ತಾನೆ.

ಅವ್ವನ ಹೃದಯ ಸೋಲುತ್ತ ಬಂತು. ಕಾಲು ಬಾವು, ನಾಲ್ಕು ಹೆಜ್ಜೆಗೆ ಏದುಸಿರು. ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲೂ ಅದೇ. ಬೆಂಚಿನ ಮೇಲೆ ಅವ್ವ ಕಣ್ಣು ಮುಚ್ಚಿ ಒರಗಿದ್ದಾಳೆ, ನನ್ನ ಈ ಪಕ್ಕ ಒಬ್ಬಳು ಸೆಲ್ಫಿಗೆ ಹಲ್ಲು ಕಿರಿಯುತ್ತಿದ್ದಾಳೆ. ನಾನು ರೇಗಿದೆ. ಅವ್ವ ಕಣ್ಣು ತೆರೆಯದೆಯೇ, “ತಗೊಳ್ಳಿ ಬಿಡವಾ, ಆಕಿ ಮನ್ಯಾಗೂ ಏನ್ ತ್ರಾಸ ಐತೋ,” ಎಂದಳು. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನಗೊಬ್ಬಳಿಗೇ ವಿಷಯ ಹೇಳಿದರು. ಹೊರಗೆ ಬಂದ ನನ್ನ ಮುಖ ನೋಡಿ ಅವ್ವನಿಗೆ ಎಲ್ಲ ತಿಳಿಯಿತು. ಹೆಣದ ಮನೆಗಳಲ್ಲಿ ಮುಖ ಓದಿ ಪಳಗಿದವಳಲ್ಲವೆ?

ಒಂದು ಮಧ್ಯಾಹ್ನ ಮಲಗಿದ್ದವಳು ಎದ್ದು ಗೋಡೆಗೆ ಒರಗಿ ಕೂತಳು.

“ಬಾಗಲಾ ಹಾಕು. ಅಳು.”

“ಏನಂತಿ?”

“ನನಗ ಅಳು. ಸತ್ತ ಮ್ಯಾಲೆ ಮಂದಿ ನಿನ್ನ ಅಳಗೊಡಂಗಿಲ್ಲ, ನಾನೂ ಕೇಳಂಗಿಲ್ಲ. ಈಗ ಅಳು, ಕೇಳ್ತೇನಿ.”

ಬದುಕಿದ್ದವರ ಮುಂದೆ ಹಾಗೆ ಅಳುವುದು ನಮ್ಮಲ್ಲಿ ದೊಡ್ಡ ಅಪಶಕುನ. ಹುಡುಗಾಟಕ್ಕೂ ಮಾಡುವುದಿಲ್ಲ. ಬೇಡವೆಂದೆ, ಓಣಿಯವರು ಕೇಳಿಸಿಕೊಂಡರೆ ಓಡಿ ಬರುತ್ತಾರೆ ಎಂದೆ.

“ಯಾರೂ ಬರಂಗಿಲ್ಲ. ಪ್ರಾಕ್ಟೀಸ್ ಮಾಡಾಕತ್ತಾಳ ಅಂತಾರ,” ಎಂದು ಅವ್ವ ನಕ್ಕಳು.

ಆ ಮಾತು ಖರೆ. ಇಡೀ ಬ್ಯಾಡಗಿಯಲ್ಲಿ ಬದುಕಿದ್ದ ತಾಯಿಯ ಮುಂದೆ ಗಂಟಲು ಬಿಚ್ಚಿ ಅಳಬಹುದಾದವಳು ನಾನೊಬ್ಬಳೇ ಇದ್ದೆ. ಬಾಗಿಲು ಹಾಕಿ ಅವಳ ಮುಂದೆ ಕೂತೆ. ಬಾಯಿ ತೆರೆದರೆ ಟಿವಿಯ ರಾಗವೇ ಬಂತು.

“ಇದು ಮಿಕ್ಸರ್,” ಎಂದಳು ಅವ್ವ.

ಮತ್ತೆ ಶುರು ಮಾಡಿದೆ. ನನ್ನ ಹಡೆದವ್ವ, ಭೂಮಿತೂಕದವಳೆ ಎಂದೇನೋ ಅಂದೆ.

“ಅದು ಯಾರಿಗಾದ್ರೂ ನಡೀತೈತಿ. ನನ್ನ ಗುಣಾ ಹೇಳಿ ಅಳು.”

ಅವಳ ಕೈ ನೋಡಿದೆ. ತುಂಬು ಬಿಡಿಸುವ ಹೆಂಗಸರು ಕೈಯನ್ನು ಎಷ್ಟು ತೊಳೆದರೂ ಖಾರ ಬಿಡುವುದಿಲ್ಲ, ಅದಕ್ಕೆ ಮಕ್ಕಳ ಮುಖ ಮುಟ್ಟುವುದಿಲ್ಲ. ಚಿಕ್ಕಂದಿನಲ್ಲಿ ನಾನು ಬಿದ್ದು ಅತ್ತರೆ ಅವ್ವ ಎರಡೂ ಅಂಗೈಯನ್ನು ದೂರ ಹಿಡಿದು, ಮೊಣಕೈ ಮಡಚುವ ಕಡೆಯ ಮೆತ್ತನೆಯ ಜಾಗದಿಂದ ನನ್ನ ಕಣ್ಣೊರೆಸುತ್ತಿದ್ದಳು. ಬೇರೆಯವರ ಅವ್ವಂದಿರು ಗಲ್ಲ ಸವರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

“ಖಾರದ ಕೈ ದೂರ ಹಿಡದು ಮೊಣಕೈಲೆ ನನ್ನ ಕಣ್ಣೀರು ಒರಸಿದೆಲ್ಲಾ ಯವ್ವಾ… ಊರಾಗಿನ ಮೆಣಸಿನಕಾಯಿ ಎಲ್ಲಾ ನಿನ್ನ ಕೈಯಾಗ ಹಾದು ಹೋತು, ನನ್ನ ಗಲ್ಲಕ್ಕಷ್ಟ ಆ ಕೈ ಸಿಗಲಿಲ್ಲಲ್ಲಾ ಯವ್ವಾ…”

ಆಮೇಲೆ ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ಹಾಡು ನಿಂತು ಬರೀ ಅಳು ಉಳಿಯಿತು. ಉಸಿರನ್ನು ಎಲ್ಲೆಲ್ಲೋ ತೆಗೆದುಕೊಂಡೆ, ಅವ್ವ ತಿದ್ದಲಿಲ್ಲ. ಅವಳೂ ಅಳುತ್ತಿದ್ದಳು. ಕೊನೆಗೆ ಮುಂದಕ್ಕೆ ಬಾಗಿ ನನ್ನ ಕಣ್ಣೊರೆಸಿದಳು. ಮೆಣಸಿನಕಾಯಿ ಮುಟ್ಟದೆ ಎಷ್ಟೋ ಕಾಲವಾಗಿದ್ದ ಅಂಗೈಗಳನ್ನು ದೂರ ಹಿಡಿದು, ಮೊಣಕೈಯಿಂದಲೇ.

“ಸಾಕು. ಚಲೋ ಅತ್ತಿ,” ಎಂದು ಮಲಗಿದಳು.

ಮರುದಿನ ನಲ್ಲಿಯ ಹತ್ತಿರ ಪಕ್ಕದ ಮನೆಯವಳು ಕೇಳಿದಳು, “ನಿನ್ನಿ ಅತ್ತಿದ್ದು ಹೊಸಾದೇನ್ರಿ? ಯಾವಾಗ ಬರ್ತೈತಿ ಟಿವ್ಯಾಗ?” ಅದು ಬರುವುದಿಲ್ಲ ಎಂದೆ.

ಅವ್ವ ಹೋದದ್ದು ಮಾರುಕಟ್ಟೆಗೆ ಹೊಸ ಕಾಯಿ ಬರುವ ಹೊತ್ತಿಗೆ. ಬೀದಿಯಲ್ಲೆಲ್ಲ ಘಾಟು, ಬಂದವರೆಲ್ಲ ಕೆಮ್ಮುತ್ತಲೇ ಒಳಗೆ ಬಂದರು. ಅವಳ ಜೊತೆ ತುಂಬು ಬಿಡಿಸಿದ ಹೆಂಗಸರು ಬಂದು ಸುತ್ತ ಕೂತು ಅತ್ತರು, ಚೆನ್ನಾಗಿಯೇ ಅತ್ತರು. ನಾನು ಅವ್ವನ ತಲೆಯ ಹತ್ತಿರ ಸುಮ್ಮನೆ ಕೂತಿದ್ದೆ. ಹೊತ್ತು ಹೋದಂತೆ ಎಲ್ಲರ ಕಣ್ಣು ನನ್ನ ಮೇಲೆ ಬಂತು. ದುಡ್ಡು ಕೊಟ್ಟರೆ ಮಾತ್ರ ಅಳುತ್ತಾಳೆ ಎಂದು ಬಾಗಿಲ ಹತ್ತಿರ ಯಾರೋ ಪಿಸುಗುಟ್ಟಿದ್ದೂ ಕೇಳಿಸಿತು. ಅವ್ವನ ಸಾಲಿನಲ್ಲೇ ಕೂತು ಕೆಲಸ ಮಾಡಿದ, ನಾನು ಅತ್ತಿ ಎಂದು ಕರೆಯುವ ಮುದುಕಿ ನನ್ನ ಬೆನ್ನ ಮೇಲೆ ಕೈಯಿಟ್ಟಳು.

“ಅಳವಾ. ನಿಮ್ಮವ್ವಗ ಒಂದು ಮಾತರ ಆಡಿ ಅಳು. ಹಂಗ ಕಳಸಬ್ಯಾಡ.”

“ನಾ ಆಗಲೇ ಅತ್ತೇನ್ರಿ ಅತ್ತಿ,” ಎಂದೆ. “ಅಕಿ ಕೇಳ್ಯಾಳ.”

ಹಿಂದೆ ಕೂತವರಲ್ಲಿ ಯಾರೋ ಇದನ್ನೂ ಪ್ರಹಸನದ ಮಾತೆಂದುಕೊಂಡು ನಕ್ಕರು.