ಬೇಲಿಯಾಚೆಯ ಅಡುಗೆಮನೆ

ಲಂಡನ್ನಿನ ಕೊಲಿಂಡೇಲಿನ ನಮ್ಮ ಫ್ಲ್ಯಾಟಿನಲ್ಲಿ ರಾಗಿ ಹುರಿಯುವುದೆಂದರೆ ಒಂದು ಸಾಹಸವೇ ಸರಿ. ಚೂರು ಹೊಗೆಯೆದ್ದರೂ ಸೂರಿನ ಅಲಾರಂ ಕಿರುಚಿಕೊಳ್ಳುತ್ತದೆ. ಮೊನ್ನೆ ಮಗುವಿಗೆ ಹುರಿಹಿಟ್ಟು ಮಾಡೋಣವೆಂದು ಬಾಣಲೆ ಇಟ್ಟಿದ್ದೆ. ಅಷ್ಟರಲ್ಲಿ ಯಾರದೋ ಫೋನ್ ಬಂತು. ತಿರುಗಿ ಬರುವಷ್ಟರಲ್ಲಿ ರಾಗಿ ಹದ ಮೀರಿ, ಸೀಯುವುದಕ್ಕೆ ಇನ್ನೇನು ಕೂದಲೆಳೆ ಬಾಕಿ ಎನ್ನುವಂತಿತ್ತು. ಆ ವಾಸನೆ ನಿಮಗೂ ಗೊತ್ತಿರಬಹುದು. ಹುರಿದದ್ದೂ ಅಲ್ಲದ, ಸೀದದ್ದೂ ಅಲ್ಲದ, ಕಹಿಯ ಒಳಗೆಲ್ಲೋ ಸಿಹಿಯನ್ನು ಅಡಗಿಸಿಕೊಂಡ ವಾಸನೆ. ಒಲೆ ಆರಿಸಬೇಕೆಂಬುದನ್ನೂ ಮರೆತು ನಾನು ಹಾಗೇ ನಿಂತುಬಿಟ್ಟೆ. ನಿಮ್ಮದೂ ಒಂದು ಮನೆ ಹೀಗೆ ಕಳೆದುಹೋಗಿದ್ದರೆ, ಯಾವುದೋ ಒಂದು ವಾಸನೆ ಕೈಹಿಡಿದು ಅದರ ಹೊಸ್ತಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸುವುದು ನಿಮಗೆ ಹೊಸದೇನಲ್ಲ. ನನ್ನನ್ನು ಕರೆದೊಯ್ದದ್ದು ಲಂಡನ್ನಿನದೇ ಇನ್ನೊಂದು ಮೂಲೆಯ ಹೇಸ್‌ನ ಒಂದು ಅಡುಗೆಮನೆಗೆ. ಅದು ನಮ್ಮದಲ್ಲ, ಪಕ್ಕದ ಮನೆಯ ನೋರಾ ಆಂಟಿಯದು.

ನಮ್ಮದು ಸಾಲುಮನೆಗಳಲ್ಲಿ ಒಂದು ಬಾಡಿಗೆ ಮನೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಿಂದ ಬಂದ ಡಾಕ್ಟರಾಗಿದ್ದ ಅಪ್ಪನಿಗೆ ಆಸ್ಪತ್ರೆಯಲ್ಲಿ ಆರಾರು ತಿಂಗಳಿನ ಕೆಲಸ. ಅದು ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆ ಅವರ ಮುಖದಲ್ಲಿ ಗಡ್ಡದಂತೆ ದಿನವೂ ಬೆಳೆಯುತ್ತಿತ್ತು. ಆದರೆ ನಮ್ಮ ಮನೆಯ ಪರದೆಗಳು ಹಗಲಲ್ಲೂ ಮುಚ್ಚಿರುತ್ತಿದ್ದುದಕ್ಕೆ ಕಾರಣ ಬೇರೆ ಇತ್ತು. ಅಪ್ಪನ ತಮ್ಮ ರಘು ಚಿಕ್ಕಪ್ಪ ಅಕೌಂಟ್ಸ್ ಓದಲೆಂದು ಬಂದವರು ಮೇಲಿನ ಸಣ್ಣ ಕೋಣೆಯಲ್ಲಿದ್ದರು. ಅವರು ಸೇರಿದ್ದ ಕಾಲೇಜು ಒಂದು ದಿನ ಬೀಗ ಹಾಕಿಕೊಂಡು ಮಾಯವಾಯಿತು. ಅದರ ಜೊತೆಗೆ ವೀಸಾವೂ ಮುಗಿಯಿತು. ಊರಿಗೆ ಹಿಂದಿರುಗಿದರೆ ಮುಖ ತೋರಿಸುವುದು ಹೇಗೆ? ಅಜ್ಜಿ ಹೊಲ ಮಾರಿ ಕಳಿಸಿದ್ದರು. ಇವತ್ತು ಹೋಗುತ್ತೇನೆ, ಬರುವ ತಿಂಗಳು ಹೋಗುತ್ತೇನೆ ಎನ್ನುತ್ತಾ ಅವರು ಉಳಿದುಬಿಟ್ಟರು. ತಮ್ಮನನ್ನು ಬಚ್ಚಿಟ್ಟುಕೊಂಡಿರುವುದು ಗೊತ್ತಾದರೆ ತನ್ನ ಕೆಲಸವೂ ಹೋಗುತ್ತದೆಂದು ಅಪ್ಪನಿಗೆ ಭಯ. ಹಾಗಾಗಿ ಬೆಲ್ ಆದರೆ ಚಿಕ್ಕಪ್ಪ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಫೋನ್ ಎತ್ತಕೂಡದು. ಮುಂಬಾಗಿಲಿನಿಂದ ಹೊರಗೆ ಹೋಗಕೂಡದು. ನಾನು ಶಾಲೆಯ ಗೆಳತಿಯರನ್ನು ಮನೆಗೆ ಕರೆಯಕೂಡದು. ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂದು ಟೀಚರ್ ಕೇಳಿದರೆ ಮೂವರು ಎನ್ನಬೇಕು. ನಾಲ್ಕು ತಟ್ಟೆ ತೊಳೆಯುವ ಮನೆಯಲ್ಲಿ ಮೂವರು ಎನ್ನುವಾಗ ನನಗೆ ಪ್ರತಿ ಸಲವೂ ಯಾರನ್ನೋ ಸಾಯಿಸಿದಂತೆ ಅನಿಸುತ್ತಿತ್ತು.

ಚಿಕ್ಕಪ್ಪನಿಗೆ ಹೊರಗಿನ ಗಾಳಿ ಸಿಗುತ್ತಿದ್ದುದು ಹಿತ್ತಿಲಿನಲ್ಲಿ ಮಾತ್ರ. ಅಲ್ಲಿದ್ದ ಮರದ ಷೆಡ್ಡಿನ ಮರೆಯಲ್ಲಿ ನಿಂತು ಸಿಗರೇಟು ಸೇದುತ್ತಿದ್ದರು. ಎರಡು ಹಿತ್ತಿಲುಗಳ ನಡುವಿನ ಹಲಗೆಯ ಬೇಲಿ ಬಿರುಗಾಳಿಗೆ ಒಂದು ಕಡೆ ಮುರಿದು, ಒಬ್ಬರು ಅಡ್ಡಡ್ಡ ನುಸುಳುವಷ್ಟು ಜಾಗವಾಗಿತ್ತು. ಒಂದು ಶನಿವಾರ ಆ ಸಂದಿಯಿಂದ ಒಂದು ಕೆಂಪು ಮುಖ, ಬಿಳಿ ಹುಬ್ಬು ಇಣುಕಿದವು. ಪಕ್ಕದ ಮನೆಯ ಮಾರ್ಟಿನ್ ಅಂಕಲ್. ಐರ್ಲೆಂಡಿನ ಮೇಯೊ ಕಡೆಯವರು, ಹುಡುಗನಾಗಿದ್ದಾಗಲೇ ಬಂದು ಲಂಡನ್ನಿನ ನೆಲದಡಿ ಸುರಂಗ ತೋಡಿ ತೋಡಿ ಮಂಡಿ ಸವೆಸಿಕೊಂಡವರು. ಚಿಕ್ಕಪ್ಪ ಓಡಿಹೋಗಲು ತಿರುಗಿದರು. ನಾನು ಅಲ್ಲೇ ಇದ್ದೆ.

"ನಿಲ್ಲಪ್ಪಾ," ಎಂದರು ಮಾರ್ಟಿನ್ ಅಂಕಲ್. "ವರ್ಷದಿಂದ ನೋಡ್ತಾ ಇದೀನಿ. ನೀನು ಇಲ್ಲ, ಅಲ್ವಾ?"

ಚಿಕ್ಕಪ್ಪ ಸಿಗರೇಟನ್ನು ನೆಲಕ್ಕೆ ಹಾಕಿ ಹೊಸಕಿದರು.

"ನಾನೂ ಬಹಳ ವರ್ಷ ಇರಲಿಲ್ಲ. ಯಾರ್ಯಾರದೋ ಹೆಸರಲ್ಲಿ ಕೆಲಸ ಮಾಡ್ತಿದ್ದೆ. ಬಾ, ಚಹಾ ಕುಡಿ. ಇಲ್ಲದವರಿಗೂ ಬಾಯಾರಿಕೆ ಆಗುತ್ತೆ."

ಹಾಗೆ ನಾವು ಆ ಅಡುಗೆಮನೆ ಸೇರಿದೆವು. ಒಲೆಯ ಮೇಲೆ ಸದಾ ಕೆಟಲ್, ಕಿಟಕಿಯ ಕಟ್ಟೆಯಲ್ಲಿ ಮೇರಿಮಾತೆಯ ನೀಲಿ ಬೊಂಬೆ, ಬೇಯುತ್ತಿರುವ ಎಲೆಕೋಸಿನ ವಾಸನೆ. ನೋರಾ ಆಂಟಿ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ಯಾರಾದರೂ ಬಾಗಿಲಿಗೆ ಬಂದರೆ ಯಾಕೆ ಬಂದಿರಿ ಎಂದು ಕೇಳುವುದು ಅವರಿಗೆ ಗೊತ್ತೇ ಇರಲಿಲ್ಲ. ಮೊದಲು ತಟ್ಟೆ, ಆಮೇಲೆ ಮಾತು. ಸೋಡಾ ಹಾಕಿ ಮಾಡಿದ ಅವರ ದಪ್ಪ ಬ್ರೆಡ್ಡಿಗೆ ಬೆಣ್ಣೆ ಬಳಿದು ಕೊಡುತ್ತಿದ್ದರು. ಅಮ್ಮ ಬದಲಿಗೆ ಕೋಡುಬಳೆ ಕಳಿಸುತ್ತಿದ್ದರು. ಅದನ್ನು ಮಾರ್ಟಿನ್ ಅಂಕಲ್ ಬೆರಳಿಗೆ ಉಂಗುರದಂತೆ ತೊಟ್ಟುಕೊಂಡು ಸುತ್ತಲೂ ಕಡಿಯುತ್ತಾ ಬರುತ್ತಿದ್ದರು.

ಅಲ್ಲೇ ಚಿಕ್ಕಪ್ಪ ಮೊದಲ ಸಲ ಐರಿಷರ ಆ ಕಪ್ಪು ಬಿಯರ್ ಕುಡಿದದ್ದು. ಮಾರ್ಟಿನ್ ಅಂಕಲ್ ಗ್ಲಾಸನ್ನು ಓರೆಯಾಗಿ ಹಿಡಿದು ಮುಕ್ಕಾಲು ತುಂಬಿಸಿ ಮೇಜಿನ ಮೇಲೆ ಇಟ್ಟರು. ಚಿಕ್ಕಪ್ಪ ಕೈ ಚಾಚಿದರೆ ಕೈಗೆ ಮೆಲ್ಲಗೆ ಒಂದೇಟು. ಕಂದು ಬಣ್ಣದ ಮೋಡ ಗ್ಲಾಸಿನೊಳಗೆ ಇಳಿದು, ತಿಳಿಯಾಗಿ, ಕಪ್ಪಾಗಿ, ಮೇಲೆ ಹಾಲಿನ ಕೆನೆಯಂಥ ನೊರೆ ಕಟ್ಟುವವರೆಗೆ ಯಾರೂ ಮಾತಾಡುವಂತಿಲ್ಲ. ಕೊನೆಗೆ ಒಂದು ಗುಟುಕು ಕುಡಿದ ಚಿಕ್ಕಪ್ಪ ನನ್ನತ್ತ ತಿರುಗಿದರು. ಮೂಗಿನಡಿ ಬಿಳಿ ಮೀಸೆ. "ಲೇ ಪುಟ್ಟಿ, ಇದು ನಮ್ಮ ಹುರಿಹಿಟ್ಟು ಕಣೇ! ಅವ್ವ ಸೀಯಿಸಿಬಿಟ್ಟಿರೋ ಹುರಿಹಿಟ್ಟು!" ಎಂದು ನಗತೊಡಗಿದರು. ಅವರು ನಕ್ಕದ್ದನ್ನು ನಾನು ಕಂಡು ಎಷ್ಟು ಕಾಲವಾಗಿತ್ತೋ. ನನ್ನ ಮೂಗಿನ ಹತ್ತಿರವೂ ಗ್ಲಾಸು ಹಿಡಿದರು. ಹೌದು, ಹುರಿಹಿಟ್ಟಿನ ಡಬ್ಬ ಇಡುತ್ತಿದ್ದ ಅಜ್ಜಿಯ ಅಟ್ಟದ ವಾಸನೆಯೇ.

ಭಾನುವಾರ ಚರ್ಚು ಮುಗಿಸಿ ಅಂಕಲ್‌ನ ಹಳೆಯ ಜೊತೆಗಾರರು ಬರುತ್ತಿದ್ದರು. ಎಲ್ಲರೂ ಕೋಟು ತೊಟ್ಟ, ದೊಡ್ಡ ಕೈಗಳ, ನಾಚಿಕೆಯ ಗಂಡಸರು. ಎರಡು ಗ್ಲಾಸಾದ ಮೇಲೆ ಒಬ್ಬರು ಕಣ್ಣು ಮುಚ್ಚಿ ಹಾಡುವರು. ವಾದ್ಯವಿಲ್ಲ, ತಾಳವಿಲ್ಲ. ಹಾಡಿನ ನಡುವೆ ಪಕ್ಕದವರು ಹಾಡುವವರ ಕೈಯನ್ನು ಹಿಡಿದು ನಿಧಾನವಾಗಿ ಸುತ್ತಿಸುವರು, ಅವರೊಬ್ಬರೇ ಹೋಗದ ಹಾಗೆ. ಚಿಕ್ಕಪ್ಪ ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಯಾರೂ ಅವರ ಊರು, ಕೆಲಸ, ವೀಸಾ ಯಾವುದನ್ನೂ ಕೇಳುತ್ತಿರಲಿಲ್ಲ. ಆ ಜನ ಕೇಳದಿರುವುದನ್ನು ಕಷ್ಟಪಟ್ಟು ಕಲಿತಿದ್ದರು. ಲಂಡನ್ನಿನಲ್ಲಿ ಐರಿಷ್ ಉಗ್ರರ ಬಾಂಬು ಸಿಡಿದ ವಾರಗಳಲ್ಲಿ ನೋರಾ ಆಂಟಿ ಗಂಡನಿಗೆ ಬಸ್ಸಿನಲ್ಲಿ ಬಾಯಿ ಬಿಡಗೊಡುತ್ತಿರಲಿಲ್ಲ. ಅವರ ಉಚ್ಚಾರ ಕೇಳಿದೊಡನೆ ಜನ ಸರಿದು ಕೂರುತ್ತಿದ್ದರಂತೆ. ಹಿಂದೊಮ್ಮೆ ಪೊಲೀಸರು ಸುಮ್ಮಸುಮ್ಮನೆ ಕರೆದೊಯ್ದು ಕೂಡಿಹಾಕಿ, ಏನೂ ಹೇಳದೆ ಬಿಟ್ಟಿದ್ದರಂತೆ. ಅಂಗಡಿಯಲ್ಲಿ ಬೆರಳು ತೋರಿಸಿ ತಂಬಾಕು ಕೊಳ್ಳುವ ಮನುಷ್ಯ ತಮ್ಮ ಅಡುಗೆಮನೆಯೊಳಗೆ ಬಂದೊಡನೆ ಮಳೆಯಂತೆ ಮಾತಾಡುತ್ತಿದ್ದರು.

ಅಪ್ಪನಿಗೆ ಇದೆಲ್ಲ ತಿಳಿದದ್ದು ಚಿಕ್ಕಪ್ಪನ ಬಾಯಿಯ ವಾಸನೆಯಿಂದ. "ಕುಡಿದು ಬೇಲಿ ಹಾರ್ತಾ ಇದೀಯಾ? ನಾಳೆ ಯಾರಾದ್ರೂ ಬಾಯಿ ಬಿಟ್ರೆ ನಮ್ಮೆಲ್ಲರ ಗತಿ ಏನೋ?" ಎಂದು ಪಿಸುದನಿಯಲ್ಲೇ ಕೂಗಾಡಿದರು. ನಮ್ಮ ಮನೆಯಲ್ಲಿ ಜಗಳವೂ ಪಿಸುಮಾತಿನಲ್ಲೇ ಆಗಬೇಕಿತ್ತು. ಬೇಲಿಗೆ ಹಲಗೆ ಹೊಡೆಸುತ್ತೇನೆ ಎಂದರು. ಆಗ ಎಂದೂ ಎದುರಾಡದ ಅಮ್ಮ ಅಡುಗೆಮನೆಯಿಂದ ಬಂದು ನಿಂತರು.

"ಆ ಸಂದಿಯೊಂದನ್ನ ಬಿಡ್ರೀ. ಅದನ್ನೂ ಮುಚ್ಚಿದ್ರೆ ಅವನಿಗೆ ಹುಚ್ಚು ಹಿಡಿಯುತ್ತೆ."

"ನಾನೇನು ಜೈಲು ಕಾಯೋನಾ?"

"ಮತ್ತೇನು? ನೀವೂ ಒಳಗೇ ಇದೀರಿ, ಅಷ್ಟೇ."

ಅಪ್ಪ ಕುರ್ಚಿಯಲ್ಲಿ ಕುಸಿದು ಕೂತರು. ಬೇಲಿಗೆ ಯಾರೂ ಹಲಗೆ ಹೊಡೆಯಲಿಲ್ಲ.

ಆ ಚಳಿಗಾಲದಲ್ಲಿ ಮೈಸೂರಿನಿಂದ ಫೋನ್ ಬಂತು. ಅಜ್ಜಿ ಹೋಗಿಬಿಟ್ಟಿದ್ದರು, ಮಲಗಿದ್ದ ಹಾಗೆಯೇ. ನಮ್ಮ ಮನೆತನದಲ್ಲಿ ತಾಯಿಯ ಚಿತೆಗೆ ಬೆಂಕಿ ಇಡಬೇಕಾದವನು ಕಿರಿಮಗ. ಅಪ್ಪನಿಗೆ ಟಿಕೆಟ್ ಸಿಕ್ಕಿತು, ಹೊರಟರು. ಚಿಕ್ಕಪ್ಪ ಹೋದರೆ ಮತ್ತೆ ಈ ದೇಶಕ್ಕೆ ಬರುವಂತಿಲ್ಲ. ಬರಿಗೈಯಲ್ಲಿ ಹೋಗಿ ಅವ್ವನ ಹೆಣದ ಮುಂದೆ ನಿಲ್ಲುವ ಧೈರ್ಯವೂ ಇರಲಿಲ್ಲ. "ನೀನೇ ಇಟ್ಟುಬಿಡಣ್ಣ," ಎಂದು ಹೇಳಿ ಮೇಲಿನ ಕೋಣೆ ಸೇರಿದವರು ಬಾಗಿಲು ತೆರೆಯಲಿಲ್ಲ. ಅಮ್ಮ ಒಗ್ಗರಣೆಯಿಲ್ಲದ ಸಾರು ಮಾಡಿ ಬಾಗಿಲ ಬಳಿ ಇಟ್ಟರೆ ಅದು ಹಾಗೇ ಆರಿಹೋಯಿತು. ನಾನು ಬೇಲಿಯ ಸಂದಿಯಿಂದ ಓಡಿಹೋಗಿ ನೋರಾ ಆಂಟಿಗೆ ಹೇಳಿದೆ.

ಮಧ್ಯಾಹ್ನ ನಮ್ಮ ಮುಂಬಾಗಿಲ ಬೆಲ್ ಆಯಿತು. ಅವರಿಬ್ಬರೂ ಎಂದೂ ಮುಂಬಾಗಿಲಿಗೆ ಬಂದವರಲ್ಲ. ಅಂಕಲ್ ಕರಿಯ ಸೂಟು ಹಾಕಿದ್ದರು. ಆಂಟಿಯ ಕೈಯಲ್ಲಿ ಬ್ರೆಡ್ಡು, ಹಿಂದೆ ಭಾನುವಾರದ ಇಬ್ಬರು ಹಾಡುಗಾರರು, ಒಬ್ಬರ ಕಂಕುಳಲ್ಲಿ ಬಾಟಲಿಗಳು. ಸೂತಕದ ಮನೆಗೆ ಹೆಂಡ! ಅಮ್ಮ ಬಾಗಿಲನ್ನು ಹಿಡಿದುಕೊಂಡೇ ನಿಂತರು. ನೋರಾ ಆಂಟಿ ಅಮ್ಮನ ಕೈ ಹಿಡಿದು, "ಸಾವಿನ ಮನೆಯಲ್ಲಿ ಮಗ ಒಬ್ಬನೇ ಕೂರಬಾರದು, ತಾಯಿ. ನಮ್ಮ ಕಡೆ ಹಾಗೆ ಬಿಡೋದಿಲ್ಲ," ಎಂದರು. ಅಮ್ಮ ಬಾಗಿಲನ್ನು ಪೂರ್ತಿ ತೆರೆದರು.

ಆಂಟಿ ನೇರ ಮೇಲೆ ಹೋಗಿ ಕೋಣೆಯ ಬಾಗಿಲು ತಟ್ಟಿ ಚಿಕ್ಕಪ್ಪನ ಹೆಸರು ಕೂಗಿದರು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಆ ಮನೆಯಲ್ಲಿ ಆ ಹೆಸರನ್ನು ಯಾರೂ ಗಟ್ಟಿಯಾಗಿ ಕರೆದಿರಲಿಲ್ಲ. ಚಿಕ್ಕಪ್ಪ ಬಾಗಿಲು ತೆರೆದರು. ಹೋದವರ ಜೀವ ಹೊರಗೆ ಹೋಗಲು ಕಿಟಕಿ ತೆರೆಯಬೇಕು ಎಂದರು ಆಂಟಿ. ಆ ಕಿಟಕಿ ಹಳೆಯ ಬಣ್ಣದಲ್ಲಿ ಅಂಟಿಕೊಂಡು ಕಲ್ಲಾಗಿತ್ತು. ಮಾರ್ಟಿನ್ ಅಂಕಲ್ ಜೇಬಿನ ಚಾಕುವಿನಿಂದ ಚೌಕಟ್ಟಿನ ಸುತ್ತ ಗೀರಿ ಗೀರಿ, ಭುಜ ಕೊಟ್ಟು ತಳ್ಳಿದರು. ಅದು ಚೀರಿ ತೆರೆದುಕೊಂಡಾಗ ನುಗ್ಗಿದ ತಣ್ಣನೆಯ ಗಾಳಿಗೆ ಪರದೆ ಹಾರಿ ಚಿಕ್ಕಪ್ಪನ ಮುಖಕ್ಕೆ ಬಡಿಯಿತು. ಸತ್ತದ್ದು ಮೈಸೂರಿನಲ್ಲಿ, ಕಿಟಕಿ ತೆರೆದದ್ದು ಹೇಸ್‌ನಲ್ಲಿ ಎಂದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಕೆಳಗೆ ಎಲ್ಲರೂ ಸುತ್ತ ಕೂತರು. "ಹೇಳು, ಹೇಗಿದ್ದಳು ಅವಳು?" ಎಂದು ಅಂಕಲ್ ಕೇಳಿದರು. ಚಿಕ್ಕಪ್ಪ ಮೊದಲು ಅಜ್ಜಿಯ ಹೆಸರು ಹೇಳಿದರು. ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. ಅಜ್ಜಿ ಕೋಳಿಗಳಿಗೆ ನೆಂಟರ ಹೆಸರಿಟ್ಟು ಬೈಯುತ್ತಿದ್ದದ್ದು, ಸಿನಿಮಾದ ಟೆಂಟಿನಲ್ಲಿ ವಿಲನ್‌ಗೆ ಚಪ್ಪಲಿ ಎಸೆದದ್ದು. ಆ ಗಂಡಸರು ನಕ್ಕರು, ಅತ್ತರು, ಗ್ಲಾಸು ತುಂಬಿಸಿದರು. ಅಮ್ಮನೂ ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಯಾರೋ ಹಾಡು ಎಂದರು. ಚಿಕ್ಕಪ್ಪನಿಗೆ ನೆನಪಾದದ್ದು ಅಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದ ಪದ. ಎರಡು ಸಾಲಿಗೇ ದನಿ ಒಡೆಯಿತು. ಆಗ ಮಾರ್ಟಿನ್ ಅಂಕಲ್ ಅವರ ಕೈ ಹಿಡಿದು ನಿಧಾನವಾಗಿ ಸುತ್ತಿಸತೊಡಗಿದರು. ಬೀಸುವ ಕಲ್ಲಿನ ಗೂಟ ಹಿಡಿದ ಕೈ ಹೇಗೆ ಸುತ್ತುತ್ತದೋ ಥೇಟ್ ಹಾಗೆ. ಚಿಕ್ಕಪ್ಪ ಕಣ್ಣು ಮುಚ್ಚಿ ಪದವನ್ನು ಕೊನೆಯವರೆಗೂ ಹಾಡಿದರು.

ಎಲ್ಲರೂ ಹೊರಟ ಮೇಲೆ ಅಂಕಲ್ ಬಾಗಿಲಲ್ಲಿ ನಿಂತು ಚಿಕ್ಕಪ್ಪನಿಗೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ನನ್ನ ತಾಯಿ ಸತ್ತಾಗ ನಾನು ಹೋಗಲಿಲ್ಲ. ಟಿಕೆಟ್ಟಿಗೆ ದುಡ್ಡಿತ್ತು, ಮುಖ ಇರಲಿಲ್ಲ. ಮುಂದಿನ ವರ್ಷ ಹೋಗೋಣ ಅಂದ್ಕೊಂಡೆ. ಈಗ ಅಲ್ಲಿ ನನ್ನ ನೋಡಿ ನಾಚಿಕೆ ಪಡೋರೂ ಉಳಿದಿಲ್ಲ. ನೀನು ಹೋಗು."

ತಿಥಿಗೆ ಮುಂಚೆ ಚಿಕ್ಕಪ್ಪ ಹೊರಟರು. ಏರ್‌ಪೋರ್ಟಿಗೆ ಬಸ್ಸಿನಲ್ಲಿ ಜೊತೆ ಹೋದವರು ಮಾರ್ಟಿನ್ ಅಂಕಲ್. ಇಬ್ಬರೂ ಮುಂಬಾಗಿಲಿನಿಂದಲೇ ಹೋದರು. ಸಂಜೆ ಅಂಕಲ್ ಒಬ್ಬರೇ ಹಿಂದಿರುಗಿದಾಗ ಅವರ ತೋಳಿನ ಮೇಲೆ ಚಿಕ್ಕಪ್ಪನ ದಪ್ಪ ಕೋಟಿತ್ತು. "ಅಲ್ಲಿ ಇದು ಬೇಡವಂತೆ," ಎಂದಷ್ಟೇ ಹೇಳಿ ತಮ್ಮ ಮನೆಯೊಳಗೆ ಹೋದರು. ಅಪ್ಪ ಮೈಸೂರಿನಿಂದ ಫೋನ್ ಮಾಡಿದರು. "ಬಂದ್ಬಿಟ್ಟ ಕಣೇ. ತಲೆ ಬೋಳಿಸ್ಕೊಂಡು ಕೂತಿದಾನೆ. ಯಾರೂ ಏನೂ ಅನ್ನಲಿಲ್ಲ," ಎಂದು ಅಮ್ಮನಿಗೆ ಹೇಳುತ್ತಾ ಅತ್ತುಬಿಟ್ಟರಂತೆ. ಚಿಕ್ಕಪ್ಪ ಮೈಸೂರಿನಲ್ಲೇ ಉಳಿದರು. ಟ್ಯುಟೋರಿಯಲ್ಲಿನಲ್ಲಿ ಲೆಕ್ಕ ಹೇಳಿಕೊಟ್ಟರು, ಮದುವೆಯಾದರು. ಈ ದೇಶಕ್ಕೆ ಮತ್ತೆ ಅವರನ್ನು ಯಾರೂ ಬಿಡಲಿಲ್ಲ. ಹೊಸ ಶತಮಾನ ಬಂದ ಮೇಲೆ ಮಾರ್ಟಿನ್ ಅಂಕಲ್ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಾಗ ಎರಡು ದಿನದ ಮಟ್ಟಿಗಾದರೂ ಬರುತ್ತೇನೆಂದು ಕೇಳಿಕೊಂಡರು, ಆಗಲೂ ವೀಸಾ ಇಲ್ಲವೆಂದರು. ಅಂಕಲ್‌ನ ದೇಹವನ್ನು ಮೇಯೊಗೆ ಕೊಂಡೊಯ್ದು ಅವರ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ನೋರಾ ಆಂಟಿ ಹೇಸ್‌ನ ಮನೆ ಮಾರಿ ತಾವೂ ಆ ಕಡೆಯವರೇ ಆದ್ದರಿಂದ ಅಲ್ಲೇ ತಂಗಿಯ ಜೊತೆ ಉಳಿದರು.

ಕೆಲಸಕ್ಕೆ ಸೇರಿದ ಮೇಲೆ ನಾನು ಒಮ್ಮೆ ಅವರನ್ನು ನೋಡಲು ಹೋದೆ. ಗಾಳಿಗೆ ಬಾಗಿದ ಮುಳ್ಳುಗಿಡಗಳು, ಕಲ್ಲಿನ ಗೋಡೆಗಳು, ಬೂದುಬಣ್ಣದ ಸಮುದ್ರ. ಆಂಟಿ ಸಣ್ಣಗಾಗಿದ್ದರು. ಆ ಹಳ್ಳಿಯವರು ಅವರನ್ನು ಇಂಗ್ಲೆಂಡಿನವಳು ಎಂದು ಕರೆಯುತ್ತಾರಂತೆ. ಬದುಕಿಡೀ ಊರು ಊರು ಎಂದು ಹಂಬಲಿಸಿದವರಿಗೆ ಊರಿನಲ್ಲಿ ಮಾತಾಡಲು ಯಾರೂ ಇರಲಿಲ್ಲ. ತಂಗಿಗೆ ಕಿವಿ ಕೇಳಿಸದು. ಊಟವಾದ ಮೇಲೆ ಒಲೆಯ ಮುಂದೆ ಕೂತು ಅವರು ನನ್ನ ಕೈ ಹಿಡಿದುಕೊಂಡರು.

"ಒಂದು ಕೇಳ್ಲಾ, ಕಂದಾ? ನಿಮ್ಮ ಭಾಷೇಲಿ ಏನಾದ್ರೂ ಹೇಳು. ಎಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದೀನಿ. ನಿಮ್ಮಮ್ಮ ಬೈತಿದ್ದದ್ದು, ನಿಮ್ಮಪ್ಪ ಗೊಣಗ್ತಿದ್ದದ್ದು. ಒಂದು ಮಾತೂ ಅರ್ಥ ಆಗ್ತಿರಲಿಲ್ಲ. ಆದರೆ ಅದು ಕೇಳಿಸ್ತಾ ಇದ್ರೆ ಮನೆ ತುಂಬಿದ ಹಾಗಿರ್ತಿತ್ತು. ಇಲ್ಲಿ ನಿದ್ದೆ ಬರೋದಿಲ್ಲ."

ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದವಳು ನಾನು. ಆದರೂ, ಬೆಳಿಗ್ಗೆ ಡಬ್ಲಿನ್ನಿನಿಂದ ಹೊರಟದ್ದು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಸೇಬು ಕೊಟ್ಟದ್ದು, ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು, ಚಿಕ್ಕಪ್ಪನ ಮಗಳು ಈಗ ಓಡಾಡುತ್ತಾಳೆ ಎಂಬುದು, ಹೀಗೆ ಬಾಯಿಗೆ ಬಂದದ್ದನ್ನೆಲ್ಲ ತಡವರಿಸುತ್ತಾ, ತಪ್ಪು ತಪ್ಪಾಗಿ ಹೇಳುತ್ತಾ ಹೋದೆ. ನೋರಾ ಆಂಟಿ ಕುರ್ಚಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ನಾನು ನಿಲ್ಲಿಸಿದಾಗಲೆಲ್ಲ ಕೈಯನ್ನು ಮೆಲ್ಲಗೆ ಒತ್ತುತ್ತಿದ್ದರು. ಬಸ್ಸಿನ ಹೊತ್ತಾಗುವವರೆಗೂ ನಾನು ಮಾತಾಡುತ್ತಲೇ ಇದ್ದೆ.