ಏಳು ಸಾವಿರ ದೋಣಿಗಳ ಗುಳಿ

ಅಚ್ಚಿನ ಮೇಸ್ತ್ರಿ ತನ್ನ ಕಸುಬಿನಲ್ಲಿ ಮಾಡಿದ ತಪ್ಪು ಒಂದೇ ಒಂದು. ಆದರೆ ಅದನ್ನು ಏಳು ಸಾವಿರ ಸಲ ಮಾಡಿದ. ಆ ತಪ್ಪುಗಳನ್ನೆಲ್ಲ ನೀರಿನ ಮೇಲೆ ಸಾಲಾಗಿ ನಿಲ್ಲಿಸಿದರೆ ಕಾಲು ಒದ್ದೆಯಾಗದೆ ಸಮುದ್ರದ ಆಚೆ ದಡ ಸೇರಬಹುದು. ನಡುದಾರಿಯಲ್ಲಿ ಊಟ ಮುಗಿಸಿ ಒಂದು ನಿದ್ದೆಯನ್ನೂ ತೆಗೆಯಬಹುದು.

ಮೂವತ್ತೊಂದು ವರ್ಷದ ಹಿಂದಿನ ಮಾತು. ಇಬ್ಬರು ಕೂರುವ, ಒಂಟಿ ಹಾಯಿಯ ಪುಟ್ಟ ದೋಣಿಗಳ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ಮರದಲ್ಲೊಂದು ಮಾದರಿ, ಅದರ ಮೇಲಿಂದ ಅಚ್ಚು, ಅಚ್ಚಿನೊಳಗೆ ಗಾಜಿನ ನಾರಿನ ಚಾಪೆ ಹಾಸಿ ರಾಳ ಬಳಿದರೆ ದಿನಕ್ಕೊಂದು ದೋಣಿ. ಮಾದರಿಗೆ ಕೊನೆಯ ಪುಟ್ಟಿ ಮೆತ್ತಿದ ಮೇಸ್ತ್ರಿ, ಒಣಗಿತೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒಣಗಿರಲಿಲ್ಲ. ದೋಣಿಯ ಹಿಂಬದಿಯಲ್ಲಿ ಬಟಾಣಿ ಕೂರುವಷ್ಟು ಗುಳಿ ಬಿತ್ತು. ಬೆಳಿಗ್ಗೆ ಬಂದು ಉಜ್ಜಿದರಾಯಿತು ಅಂದುಕೊಂಡ. ಬೆಳಿಗ್ಗೆ ಹೆಂಡತಿಗೆ ಹೆರಿಗೆ ನೋವು ಬಂತು. ಮಗಳ ಮುಖ ನೋಡಿ ಮೂರನೆಯ ದಿನ ಕೆಲಸಕ್ಕೆ ಬರುವಷ್ಟರಲ್ಲಿ ಅಚ್ಚು ಸಿದ್ಧವಾಗಿ, ಅದರಿಂದ ಮೊದಲ ದೋಣಿ ಗುಳಿಯ ಸಮೇತ ಹೊರಬಿದ್ದಿತ್ತು.

"ನಾಲ್ಕು ದಿನ ಕೊಡಿ ಸಾರ್, ಅಚ್ಚನ್ನ ಸರಿಮಾಡ್ತೀನಿ," ಎಂದು ಕಾರ್ಖಾನೆಯ ಯಜಮಾನರನ್ನು ಅಂಗಲಾಚಿದ.

"ನಾಲ್ಕು ದಿನ ಅಚ್ಚು ಖಾಲಿ ಬಿದ್ರೆ ನಾಲ್ಕು ದೋಣಿ ಹೋಯ್ತು. ರಾಳ, ಚಾಪೆ, ಹಾಯಿ ಬಟ್ಟೆ ಎಲ್ಲಾ ಸಾಲ ತಂದಿದ್ದು. ಇರ್ಲಿ ಬಿಡಯ್ಯ, ನೀರಿಗೇನು ಕಣ್ಣಿದ್ಯಾ?" ಎಂದರು ಯಜಮಾನರು.

ಆ ಅಚ್ಚು ಸವೆದು ಹೊಸದು ಮಾಡುವ ಹೊತ್ತಿಗೆ ನೀರಿಗೆ ಕಣ್ಣು ಬಂದಿತ್ತು. ಆ ದೋಣಿಯಲ್ಲಿ ಪಂದ್ಯ ನಡೆಸುವವರು ಸಂಘ ಕಟ್ಟಿಕೊಂಡು, ಗೆಲ್ಲಬೇಕಾದದ್ದು ಮನುಷ್ಯ, ದೋಣಿಯಲ್ಲ, ಆದ್ದರಿಂದ ಪ್ರತಿ ದೋಣಿಯೂ ಮೊದಲನೆಯದರ ತದ್ರೂಪವಾಗಿರಬೇಕು ಎಂದು ನಿಯಮ ಮಾಡಿದರು. ನಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆದರು: ಗುಳಿ, ಎರಡು ಮಿಲಿಮೀಟರ್ ಆಳ. ಕಾರ್ಖಾನೆಗೆ ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಕಲಿಸುವ ಮೊದಲ ಪಾಠ, "ಇಲ್ಲಿ ಮುಟ್ಟಿ ನೋಡು, ಇದು ನಮ್ ಮೇಸ್ತ್ರಿ."

ತಾನು ಹೋಗುವುದರೊಳಗೆ ಆ ಗುಳಿ ಹೋಗಬೇಕು. ಮೇಸ್ತ್ರಿಗಿದ್ದದ್ದು ಅದೊಂದೇ ಆಸೆ. ನಿವೃತ್ತಿಗೆ ಒಂದು ವಾರ ಉಳಿದಿದ್ದಾಗ ಹಳೆಯ ಮರದ ಮಾದರಿ ಬಿರುಕು ಬಿಟ್ಟಿತು. ಕಂಪ್ಯೂಟರ್ ಯಂತ್ರ ಅದನ್ನು ಅಳೆದು ಹೊಸ ಮಾದರಿ ಕೆತ್ತಿಕೊಟ್ಟಿತು. ಮೇಸ್ತ್ರಿ ಹಿಂಬದಿ ಸವರಿದ. ಕನ್ನಡಿ! ಗುಳಿಯನ್ನೂ ಬಿರುಕು ಎಂದು ತಿಳಿದ ಯಂತ್ರ ತಾನಾಗಿಯೇ ತುಂಬಿಬಿಟ್ಟಿತ್ತು. ಆ ದಿನ ಅವನು ಮನೆಗೆ ಹೋದದ್ದು ನಡೆದುಕೊಂಡಲ್ಲ, ನೆಲದಿಂದ ಒಂದು ಗೇಣು ಮೇಲೆ.

ಮಾರನೆಯ ದಿನ ಸಂಘದ ಅಳತೆಗಾರ ಗುಳಿಯ ಆಕಾರಕ್ಕೇ ಕತ್ತರಿಸಿದ ತಗಡಿನ ಅಳತೆಪಟ್ಟಿ ಹಿಡಿದು ಬಂದ.

"ಗುಳಿ ಎಲ್ಲಿ?"

"ಅದು ತಪ್ಪಾಗಿತ್ತು ಸ್ವಾಮಿ," ಎಂದ ಮೇಸ್ತ್ರಿ.

"ಇಲ್ದೇ ಇರೋದು ತಪ್ಪು. ಏಳು ಸಾವಿರ ದೋಣೀಲಿದೆ. ಇದಕ್ಕೊಂದಕ್ಕೆ ಇಲ್ಲ ಅಂದ್ರೆ ನಾನು ಮುದ್ರೆ ಒತ್ತಲ್ಲ."

ಯಜಮಾನರು ತಲೆ ಕೆರೆದುಕೊಂಡರು. "ಮತ್ತೆ ಯಂತ್ರ ಓಡ್ಸಿದ್ರೆ ಮೂರು ತಿಂಗಳ ರಾಳದ ಖರ್ಚು ಕಣಯ್ಯ. ನಿನ್ ಹೆಬ್ಬೆರಳಾದ್ರೆ ಪುಕ್ಕಟೆ."

ಮೇಸ್ತ್ರಿ ಜಾಗ ಕೆರೆದು ಪುಟ್ಟಿ ತುಂಬಿ, ಕಣ್ಣು ಮುಚ್ಚಿ ಒತ್ತಿದ. ಅಳತೆಗಾರ ಪಟ್ಟಿ ಇಟ್ಟು ನೋಡಿದ.

"ಅಗಲ ಜಾಸ್ತಿಯಾಯ್ತು."

ಮೂವತ್ತೊಂದು ವರ್ಷ ರಾಳದ ರೋಲರ್ ಉರುಳಿಸಿದ ಬೆರಳು ಊದಿ ಗೆಣಸಾಗಿತ್ತು. ಸ್ವಂತ ತಪ್ಪಿಗೂ ಅವನು ಈಗ ಅನರ್ಹ. ಕಾರ್ಖಾನೆಯವರೆಲ್ಲ ಪಡಿತರದ ಅಂಗಡಿಯ ಮುಂದೆ ನಿಂತಂತೆ ಸಾಲು ನಿಂತು ಹೆಬ್ಬೆರಳು ಒತ್ತಿದರು. ಒಬ್ಬರದು ಸಣ್ಣ, ಒಬ್ಬರದು ಚಪ್ಪಟೆ. ಕಾವಲುಗಾರನದು ಕೋಣದ ಗೊರಸು.

"ಹಾಯಿ ಹೊಲಿಯೋ ಕಡೆ ನಿನ್ ಮಗಳಿದ್ದಾಳಲ್ಲ, ಯಾರಾದ್ರೂ ಹೋಗಿ ಕರೀರಿ," ಎಂದರು ಯಜಮಾನರು.

"ಅವಳು ಬೇಡ ಸಾರ್," ಎಂದ ಮೇಸ್ತ್ರಿ. ಆದರೆ ಆಗಲೇ ಯಾರೋ ಓಡಿದ್ದರು.

ಕತ್ತರಿ ಹಿಡಿದೇ ಬಂದ ಮಗಳು ವಿಷಯ ಕೇಳಿ ನಕ್ಕಳು. "ಮೂಗು ಕೊಟ್ಟೆ, ಮುಂಗೋಪ ಕೊಟ್ಟೆ. ಇದೊಂದು ಬಾಕಿ ಇತ್ತೇನಪ್ಪ?" ಎನ್ನುತ್ತಾ ಒತ್ತಿದಳು.

ಅಳತೆಗಾರ ಪಟ್ಟಿ ಇಟ್ಟ. ಕೂದಲು ನುಸುಳಲೂ ಸಂದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುದ್ರೆ ಬಿತ್ತು.

"ಇನ್ನು ಮೂವತ್ತು ವರ್ಷ ಚಿಂತೆಯಿಲ್ಲ!" ಎಂದರು ಯಜಮಾನರು.

ಮಧ್ಯಾಹ್ನದ ಮೇಲೆ ಮಾದರಿಯ ಮೇಲೆ ಅಚ್ಚಿನ ರಾಳ ಬಳಿಯುವ ಕೆಲಸವೂ ಮೇಸ್ತ್ರಿಯದೇ. ಎಲ್ಲ ಕಡೆ ಬಳಿದು ಆ ಒಂದು ಜಾಗವನ್ನು ಕೊನೆಗೆ ಉಳಿಸಿಕೊಂಡ. ಜೇಬಿನಲ್ಲಿ ಮಡಿಸಿಟ್ಟ ಉಪ್ಪುಕಾಗದವಿತ್ತು. ಗುಳಿ ಮಾಸಲು ಎರಡೇ ಎರಡು ಉಜ್ಜು ಸಾಕಿತ್ತು. ಜೇಬಿಗೆ ಕೈ ಹಾಕಿದ, ಖಾಲಿ ಕೈ ತೆಗೆದ. ಆಮೇಲೆ ಪುಟ್ಟಿ ಒಣಗಿತೋ ಇಲ್ಲವೋ ಎಂದು ನೋಡಲು, ಅಭ್ಯಾಸಬಲದಿಂದ, ಹೆಬ್ಬೆರಳು ಮುಂದೆ ಚಾಚಿದ.

ಪಕ್ಕದಲ್ಲಿ ನಿಂತಿದ್ದ ಮಗಳು ಕೈ ಹಿಡಿದುಕೊಂಡಳು. "ಬೇಡಪ್ಪ," ಎಂದಳು, "ಒಣಗಿದೆ."